ಆರನೆಯದು

ಮೊದಲ ಐದರದು ತಕರಾರಿಲ್ಲ.
ಕೋಣೆಗೊಂದರಂತೆ, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ
ಕೂತುಬಿಡುತ್ತವೆ.
ಕಬ್ಬಿಣದ ತಂಟೆಯೆಲ್ಲ ಆರನೆಯ ಎಲೆಕ್ಟ್ರಾನಿನದು.
ಕೆಳಗಿನ ಮೂರು ಕೋಣೆ, ಮೂರಕ್ಕೂ ಒಂದೇ ಬಾಡಿಗೆ,
ಎಲ್ಲಿ ಹೋದರೂ ಅಲ್ಲಾಗಲೇ ಒಬ್ಬ.

ವಿರಾಜಪೇಟೆ, ರಾತ್ರಿ ಹನ್ನೊಂದೂವರೆ.
ಗಡಿಯಾರ ಕಂಬದ ಹಿಂದಿನ ಓಣಿ, ಬೇಕರಿಯ ಮೇಲೆ ನನ್ನ ರೂಮು.
ನಲವತ್ತನೇ ಸುತ್ತು: ಆರನೆಯದು ಮೊದಲ ಕೋಣೆಯಲ್ಲಿ.
ನಲವತ್ತೊಂದು: ಎರಡನೆಯದರಲ್ಲಿ.
ನಲವತ್ತೆರಡು: ತಿರುಗಿ ಮೊದಲನೆಯದಕ್ಕೆ.
ಶಕ್ತಿ ಇಳಿದಂತೆ ಮಾಡಿ ಏರುತ್ತದೆ,
ಮಾಕುಟ್ಟದ ತಿರುವಿನಲ್ಲಿ ಗೇರು ಸಿಗದ ಲಾರಿ.

ಕರೆಂಟು ಹೋಯಿತು. ಬಂತು.
ಬ್ಯಾಟರಿ ಇದೆ, ತಾಳ್ಮೆ ಇಲ್ಲ.
ಪಾಲು ಮಾಡಿಬಿಟ್ಟೆ:
ಕೋಣೆಗೆ ಸೊನ್ನೆ ಪಾಯಿಂಟ್ ಮೂರು ಮೂರು ಮೂರು ಮೂರು.
ಒಡೆಯಲಾಗದ್ದನ್ನು ಕಾಗದದ ಮೇಲೆ ಒಡೆಯುವುದು
ನಮ್ಮ ಮನೆತನಕ್ಕೆ ಹೊಸದೇನಲ್ಲ.

ಬಿಟ್ಟಂಗಾಲದ ಜಮ್ಮಾ ಬಾಣೆಗೆ ಮೂರು ಕವಲು.
ಪಟ್ಟೆದಾರರು ಎಂದೋ ತೀರಿಹೋದ ದೊಡ್ಡಜ್ಜ,
ಪಹಣಿಯಲ್ಲಿ ಇನ್ನೂ ಬದುಕಿದ್ದಾರೆ.
ಒಂದು ಪಾಲು ಪೂವಯ್ಯ ದೊಡ್ಡಪ್ಪನದು, ಒಂದು ಅಚ್ಚಯ್ಯನ ಮಕ್ಕಳದು,
ಒಂದು ಅಪ್ಪನಿಂದ ನನ್ನ ತನಕ ಇಳಿದದ್ದು.
ಎಲ್ಲಿ ಅಂತ ಕೇಳಬೇಡಿ.
ಆ ನಂದಿಮರದ ಮೂರನೇ ಒಂದು ನನ್ನದು,
ತೋಡಿನದು ಮೂರನೇ ಒಂದು,
ತೋಡಿನ ಏಡಿಯದೂ.

ಸರ್ವೆಯ ಮಹಾಂತೇಶ, ಬಾದಾಮಿ ಕಡೆಯವರು,
ಕಾಲಿನ ಜಿಗಣೆ ಕೀಳುತ್ತ ಕ್ಯಾಲ್ಕುಲೇಟರ್ ಒತ್ತಿದರು:
ಮೂರೂ ಕೂಡಿಸಿದ್ರ ಒಂದ್ ಆಗೂದಿಲ್ರೀ ಮೇಡಂ,
ಕೊನೀಗೆ ಒಂದು ಚೂರು ಉಳೀತದ.
ಯಾರ ಹೆಸರಿಗೆ ಬರೀಲಿ?
ಚೋಂದಮ್ಮತ್ತೆ ಲೋಟ ಕೊಡುತ್ತ ಅಂದಳು:
ಹಂದಿಗಳ ಹೆಸರಿಗೆ ಬರೀರಿ. ಹೇಗೂ ಅವೇ ಉಳೋದು.

ಇನ್ನು ಇದಕ್ಕೆ ಶಾಖ ಬೇಕು, ಸುಳ್ಳು ಶಾಖ.
ಐದು ಸಾವಿರ ಡಿಗ್ರಿ ಎಂದು ಬರೆದರೆ ಸಾಕು,
ಗೋಡೆಗಳು ಮೆದುವಾಗಿ
ತಟ್ಟೆಗೆ ಸುರಿದ ಬೆಲ್ಲದ ಪಾಕದಂತೆ ಅದು ಹರಡಿಕೊಳ್ಳುತ್ತದೆ.
ಆಮೇಲೆ ಮೆಲ್ಲಗೆ ಆರಿಸಬೇಕು.
ಮೂರು ಸಾವಿರ. ಸಾವಿರ. ಮುನ್ನೂರು.
ಆರಿಸುವುದು: ತಣಿಸುವುದಕ್ಕೂ ಆಯುವುದಕ್ಕೂ ಒಂದೇ ಮಾತು ಇಟ್ಟ
ಪುಣ್ಯಾತ್ಮರು ಯಾರೋ.
ಹೊರಗೆ ಹದಿನಾಲ್ಕು ಡಿಗ್ರಿ, ಎಡಗೈ ರಗ್ಗಿನೊಳಗೆ.

ಒಂದೂಕಾಲಿಗೆ ಲೆಕ್ಕ ನಿಂತಿತು.
ಮೂರು ಕೋಣೆ, ಮೂರರಲ್ಲೂ ಮೂರನೇ ಒಂದು,
ಯಾವ ಕಡೆಗೂ ವಾಲದ ಅಂದದ ಉತ್ತರ.
ಎಲೆಕ್ಟ್ರಾನು ಒಡೆದಿಲ್ಲ, ಗೊತ್ತು.
ಮೂರು ಕಬ್ಬಿಣಗಳ ಸರಾಸರಿ ಇದು,
ಮೂವರ ಪಾಸ್‌ಪೋರ್ಟ್ ಫೋಟೋ ಒಂದರ ಮೇಲೊಂದಿಟ್ಟು
ಬೆಳಕಿಗೆ ಹಿಡಿದ ಹಾಗೆ. ಮೂಗು ಯಾರದೂ ಅಲ್ಲ.

ಅದರ ಪಾಡಿಗೆ ಬಿಟ್ಟರೆ ಅಣು ಬೇರೆಯೇ ಮಾಡುತ್ತದೆ.
ಸುತ್ತ ಹಿಡಿದ ಆರು ನೀರಿನಲ್ಲಿ
ಎರಡನ್ನು ಕೂದಲೆಳೆಯಷ್ಟು ಒಳಗೆಳೆದು
ನಾಲ್ಕನ್ನು ಕೊಂಚ ದೂರ ತಳ್ಳಿ
ಮೈ ಬಾಗಿಸುತ್ತದೆ.
ಅಷ್ಟಕ್ಕೇ ಒಂದು ಕೋಣೆಯ ಬಾಡಿಗೆ ಇಳಿದು
ಆರನೆಯದು ಹೋಗಿ ಅಲ್ಲೇ ಕೂರುತ್ತದೆ. ಪೂರ್ತಿ.

ಚೋಂದಮ್ಮತ್ತೆಯ ಕಾಲಂ ನೋಡಿದೆ. ಸೊನ್ನೆ.
ಕೊಟ್ಟ ಮನೆಯಿಂದ ತಿರುಗಿ ಬಂದವಳಿಗೆ ಕವಲಿಲ್ಲ.
ಇಪ್ಪತ್ತೆರಡು ವರ್ಷ ಆ ತೋಡಿನ ಹೂಳೆತ್ತಿದವಳು,
ಮಳೆ ಮುಗಿದ ಮೇಲೆ ಪ್ರತಿಸಲ ಹಾರೆ ಹಿಡಿದು
ಕಲ್ಲು ಸರಿಸಿ ದಾರಿ ಮಾಡಿದವಳು.
ನೀರು ಈಗ ಅವಳ ಗುಡಿಸಲ ಕಡೆಗೇ ವಾಲುತ್ತದೆ,
ಸರ್ವೆ ನಕ್ಷೆಯಲ್ಲಿ ನೆಟ್ಟಗಿದೆ.

ನಾನು ಸಹಿ ಹಾಕಬೇಕಾದ ಕಡೆ
ಪೂವಯ್ಯ ದೊಡ್ಡಪ್ಪ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿದ್ದಾರೆ,
ಮೂರು ಕಡೆ.

ಫೈಲು ತೆರೆದು ಸಮಮಿತಿಯ ಸಾಲು ಅಳಿಸಿದೆ.
ಅರ್ಜಿಯನ್ನು ನಾಲ್ಕಾಗಿ ಮಡಿಸಿ
ಲ್ಯಾಪ್‌ಟಾಪಿನ ಕೆಳಗೆ ಆನಿಸಿದೆ, ಗಾಳಿಯಾಡಲಿ ಎಂದು;
ಸ್ವಲ್ಪ ವಾರೆಯಾಗಿ ನಿಂತಿತು.

ಒಂದನೇ ಸುತ್ತು.
ಕೆಳಗೆ ಬೇಕರಿಯವರು ಒಲೆ ಹೊತ್ತಿಸಿದರು.
ಅಂಗಾಲಿನಡಿ ಸಿಮೆಂಟು, ಕಿಟಕಿಯ ಹತ್ತಿರ ಮೊದಲು,
ಆಮೇಲೆ ಮಂಚದ ತನಕ,
ಬೆಚ್ಚಗಾಗುತ್ತ ಬರುತ್ತಿದೆ.